ಬಾಣಂತಿಗೆ ಮಂಡಕ್ಕಿ

ಒಗ್ಗರಣೆ ಮಂಡಕ್ಕಿಯ ವಾಸನೆಗೆ ಬಾಯಲ್ಲಿ ನೀರೂರುವವರನ್ನು ನೋಡಿದ್ದೇನೆ. ನನಗೆ ಸಿಟ್ಟು ಬರುತ್ತದೆ. ಸಾಸಿವೆ ಸಿಡಿದು, ಕರಿಬೇವು ಚುರುಗುಟ್ಟಿ, ಮೇಲೆ ಅರಿಶಿನ ಬಿದ್ದ ಆ ವಾಸನೆ ಮೂಗಿಗೆ ಬಡಿದ ಕೂಡಲೇ ನನ್ನ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತದೆ. ಹೋದ ತಿಂಗಳು ಇಲ್ಲಿ ಅಮೆರಿಕದ ಆಶ್‌ಬರ್ನ್‌ನಲ್ಲಿ ಡಾಕ್ಟರ್ ಗಿರೀಶರ ಹೊಸ ಮನೆಯ ಬಾಗಿಲಲ್ಲಿ ಶೂ ಬಿಚ್ಚುವಾಗಲೂ ಹಾಗೇ ಆಯಿತು. ಒಳಗಿಂದ ಅವರ ಹೆಂಡತಿ ಸುಮಂಗಲಕ್ಕ "ಬರ್ರಿ ಲವೀನಾ, ಬಿಸಿ ಐತಿ, ಮೊದ್ಲು ತಿನ್ರಿ" ಎಂದು ಕೂಗಿದರು. ಹಾವೇರಿ ಕಡೆಯವರು, ಬಂದವರ ಹೊಟ್ಟೆ ತುಂಬಿಸದೆ ಮಾತಿಗೇ ಇಳಿಯುವವರಲ್ಲ.

ಒಳಗೆ ಹೋದರೆ ಎದುರಿನ ಗೋಡೆಯ ಮೇಲೆ, ಸೋಫಾದ ಮೇಲ್ಭಾಗಕ್ಕೆ, ಅದು ಇತ್ತು. ಸೋಫಾದಷ್ಟೇ ಅಗಲದ ಫೋಟೋ. ಬೂದು ಬಂಡೆಯ ಮೇಲೆ ಬೂದು ಹಕ್ಕಿಯೊಂದು ಎರಡೂ ರೆಕ್ಕೆ ಅಗಲಿಸಿ, ಬಾಯಿಯನ್ನು ಪೂರಾ ತೆರೆದು ಕೂತಿದೆ. ಕೆಳಗೆ ಹಿತ್ತಾಳೆ ಪಟ್ಟಿಯಲ್ಲಿ ಕನ್ನಡದಲ್ಲೇ ಕೆತ್ತಿಸಿದ್ದಾರೆ: 'ಸ್ವಾಗತ'. ಅದೇ ಫೋಟೋ, ಅದೇ ಹೆಸರಿನಲ್ಲಿ ನಮ್ಮ ಕನ್ನಡ ಸಂಘದ ಕ್ಯಾಲೆಂಡರಿನ ಮುಖಪುಟಕ್ಕೂ ಬಂದಿತ್ತು. ಆ ವರ್ಷ ಇಡೀ ವರ್ಜೀನಿಯಾದಲ್ಲಿ ನಾನು ಹೋದ ಅಡುಗೆಮನೆಗಳಲ್ಲೆಲ್ಲ ಆ ಹಕ್ಕಿ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿತ್ತು. ನಾಲ್ಕು ವರ್ಷದಿಂದ ಈ ಸಿಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ. ಅದು ಸ್ವಾಗತ ಅಲ್ಲ. ಅದು ಏನು ಎಂದು ಹೇಳಬೇಕಾದರೆ ಎರಡು ಸಾವಿರದ ಇಪ್ಪತ್ತೊಂದರ ಜೂನ್ ತಿಂಗಳಿಗೆ ಹೋಗಬೇಕು.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅದಕ್ಕೂ ಹಿಂದಿನ ವರ್ಷವಿಡೀ ಕೋವಿಡ್ ಪರೀಕ್ಷೆಗೆ ಮೂಗಿಗೆ ಹಾಕಿ ತೆಗೆದ ಕಡ್ಡಿಗಳನ್ನು ನೋಡುತ್ತಾ ಕಳೆದಿದ್ದೆ. ಮನೆಗೆ ಬಂದರೆ ಮಾತಾಡಲು ಮನಸ್ಸಿಲ್ಲ, ಮಲಗಿದರೆ ನಿದ್ದೆಯಿಲ್ಲ. ನಮ್ಮ ಟೌನ್‌ಹೌಸಿನ ಹಿಂದೆ ಆಗ ಒಂದು ಹುಲ್ಲುಬಯಲಿತ್ತು. ಸಂಜೆ ಅಲ್ಲಿ ನಡೆಯುವಾಗ ಹಕ್ಕಿ ನೋಡಲು ಶುರುಮಾಡಿದೆ. ಅಲ್ಲೇ ಸಿಕ್ಕಿದ್ದು ಮಾರ್ಗರೆಟ್. ಎಪ್ಪತ್ತು ದಾಟಿದ ಹೆಂಗಸು, ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವಳು, ಮಾತು ಕಡಿಮೆ. ನನ್ನ ಕೈಯಲ್ಲಿ ಬೈನಾಕ್ಯುಲರ್ ತಿರುಗುಮುರುಗಾಗಿ ಇದ್ದದ್ದನ್ನು ನೋಡಿ ನಗಲಿಲ್ಲ, ಸುಮ್ಮನೆ ತಿರುಗಿಸಿ ಕೊಟ್ಟಳು. ಅಲ್ಲಿಂದ ಪ್ರತಿ ಶನಿವಾರ ಅವಳ ಹಳೇ ಪಿಕಪ್‌ನಲ್ಲಿ ನನಗೊಂದು ಸೀಟು. ನಾನು ಬುತ್ತಿ ಕಟ್ಟುತ್ತಿದ್ದೆ. ಚಿತ್ರಾನ್ನ ಅವಳಿಗೆ ಬಹಳ ಸೇರುತ್ತಿತ್ತು. ಕರಿಬೇವಿನ ಎಲೆಯನ್ನು ಮಾತ್ರ ತಟ್ಟೆಯ ಅಂಚಿಗೆ ಒಂದೊಂದಾಗಿ ಸಾಲಾಗಿ ಇಡುತ್ತಿದ್ದಳು, ಕೊನೆಗೆ ಒಂದನ್ನು ಬೆರಳಲ್ಲಿ ತಿಕ್ಕಿ ಮೂಸುತ್ತಿದ್ದಳು.

ಆ ಜೂನ್ ಮೊದಲ ವಾರ ಅವಳು ನನ್ನನ್ನು ಬೆಟ್ಟಕ್ಕೆ ಕರೆದೊಯ್ದಳು. ಪಶ್ಚಿಮಕ್ಕೆ ಮೂರು ಗಂಟೆಯ ದಾರಿ, ವೆಸ್ಟ್ ವರ್ಜೀನಿಯಾದ ಎತ್ತರದಲ್ಲಿ. ಮೇಲೆ ಹೋದರೆ ಕಾಡು ಥಟ್ಟನೆ ಮುಗಿದು, ಮೊಣಕಾಲೆತ್ತರದ ಪೊದೆಗಳ ಬಯಲು ಶುರುವಾಗುತ್ತದೆ. ಬ್ಲೂಬೆರಿ, ಕಾಡು ಅಜೇಲಿಯಾ, ಬೂದು ಬಂಡೆ, ಗಾಳಿಗೆ ಒಂದೇ ಕಡೆ ಕೊಂಬೆ ಉಳಿಸಿಕೊಂಡ ಸ್ಪ್ರೂಸ್ ಮರ. ಇಂಥ ಬಯಲಿಗೆ ಇಲ್ಲಿಯವರು ಹೀತ್ ಎನ್ನುತ್ತಾರೆ. ಮಾರ್ಗರೆಟ್‌ಳ ಅಜ್ಜಿ ಸ್ಕಾಟ್‌ಲ್ಯಾಂಡಿನವಳಂತೆ, ಅಲ್ಲಿ ಬೆಟ್ಟಕ್ಕೆ ಬೆಟ್ಟವೇ ನೇರಳೆ ಹೂವಿನ ಹೆದರ್ ಗಿಡವಂತೆ. ಈ ಪೊದೆಗಳೂ ಅದೇ ಗಿಡದ ದಾಯಾದಿಗಳು ಎಂದಳು. ಜೂನ್ ಆದರೂ ಗಾಳಿ ಕೊರೆಯುತ್ತಿತ್ತು. ನಾನು ಹೊಸದಾಗಿ ಕೊಂಡ ನೀಲಿ ಜಾಕೆಟ್‌ನ ಜಿಪ್ ಗಂಟಲವರೆಗೆ ಎಳೆದುಕೊಂಡಿದ್ದೆ.

ಮೂರು ಬಂಡೆ ದಾಟಿ, ವಾಲಿದ ಒಂದು ಮರದ ಹತ್ತಿರ ಅವಳು ನಿಂತಳು. ಇಪ್ಪತ್ತು ಹೆಜ್ಜೆ ದೂರದಿಂದ ತೋರಿಸಿದಳು. ನನಗೆ ಐದು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಬಂಡೆಯ ಒಂದು ಭಾಗಕ್ಕೆ ಕಣ್ಣು ಬಂತು. ನೈಟ್‌ಹಾಕ್ ಎಂಬ ಹಕ್ಕಿ. ನಮ್ಮ ಊರ ರಸ್ತೆಯಲ್ಲಿ ಮುಸ್ಸಂಜೆ ಕಾರಿನ ಬೆಳಕಿಗೆ ಕಣ್ಣು ಕೆಂಪಗೆ ಹೊಳೆಯಿಸಿ ಕೂತಿರುವ ನತ್ತಿಂಗದ ಜಾತಿ. ಗೂಡು ಕಟ್ಟುವುದಿಲ್ಲ. ಬರೀ ಕಲ್ಲಿನ ಮೇಲೆ ಕಲ್ಲಿನದೇ ಬಣ್ಣದ ಎರಡು ಮೊಟ್ಟೆ ಇಟ್ಟು, ಮೇಲೆ ತಾನೂ ಕಲ್ಲಿನಂತೆ ಕೂರುತ್ತದೆ. ಯಾರಿಗೂ ಕಾಣದೆ ಇರುವುದೊಂದೇ ಅದರ ಬಾಗಿಲು, ಬೀಗ ಎಲ್ಲ.

ಆ ಬೆಟ್ಟದಲ್ಲಿ ಅವಳು ಅದರ ಮೊಟ್ಟೆ ನೋಡಿ ಎಂಟು ವರ್ಷವಾಗಿತ್ತಂತೆ. ಪ್ರತಿ ಜೂನ್ ಬಂದು, ಹುಡುಕಿ, ನೋಟ್‌ಬುಕ್ಕಿನಲ್ಲಿ 'ಇಲ್ಲ' ಎಂದು ಬರೆದುಕೊಂಡು ಹೋಗುತ್ತಿದ್ದಳು. ಈ ಸಲ ಬರೆದ ಪುಟವನ್ನು ನನಗೆ ತೋರಿಸಿದಳು, 'ಇದೆ' ಎಂಬುದರ ಮೇಲೆ ಪೆನ್ನು ಎರಡು ಸಲ ಒತ್ತಿತ್ತು. ಆಮೇಲೆ ಮೂರು ಮಾತು ಹೇಳಿದಳು. ಇಪ್ಪತ್ತು ಹೆಜ್ಜೆಗಿಂತ ಹತ್ತಿರ ಹೋಗಬಾರದು. ಇಲ್ಲಿ ಒಂದು ಕಿತ್ತಳೆ ಸಿಪ್ಪೆಯನ್ನೂ ಬೀಳಿಸಬಾರದು, ತಿನ್ನುವ ವಸ್ತು ಕಂಡರೆ ರೇವನ್ ಬರುತ್ತದೆ, ಬಂದರೆ ಮೊಟ್ಟೆಯನ್ನೂ ಬಿಡುವುದಿಲ್ಲ. ರೇವನ್ ಅಂದರೆ ನಮ್ಮ ಕಾಗೆಯ ದೊಡ್ಡಣ್ಣ, ಬುದ್ಧಿಯಲ್ಲಿ ಅದರ ಅಪ್ಪ. ಮತ್ತು ಯಾರಿಗೂ ಹೇಳಬಾರದು. ನಾನು ಮಾತು ಕೊಟ್ಟೆ. ಕೈ ಮೇಲೆ ಕೈ ಇಟ್ಟೇ ಕೊಟ್ಟೆ.

ಆ ಮಾತನ್ನು ಎಂಟು ದಿನ ಉಳಿಸಿಕೊಂಡೆ.

ಗಿರೀಶರ ಬಗ್ಗೆ ಇಲ್ಲಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ, ಎಷ್ಟೇ ಸಿಟ್ಟಿದ್ದರೂ. ಆ ಮೇ ತಿಂಗಳಲ್ಲಿ ನನ್ನ ತಮ್ಮ ಮಂಗಳೂರಿನಲ್ಲಿ ಉಸಿರಿಗೆ ಒದ್ದಾಡುತ್ತಿದ್ದ. ಒಂದು ಬೆಡ್‌ಗಾಗಿ ನಾವು ಎಲ್ಲೆಲ್ಲೋ ಫೋನ್ ಮಾಡಿ ಸೋತಿದ್ದೆವು. ಗಿರೀಶರು ಮೆಡಿಕಲ್ ಕಾಲೇಜಿನಲ್ಲಿ ಜೊತೆಗೆ ಓದಿದವರಿಗೆಲ್ಲ ಫೋನ್ ಹಚ್ಚಿ, ಒಂದೇ ಬೆಳಿಗ್ಗೆಯಲ್ಲಿ ಬೆಡ್ ಕೊಡಿಸಿದರು. ತಮ್ಮ ಬದುಕಿ ಮನೆಗೆ ಬಂದ. ಅಂಥವರು, ಎಲ್ಲರೂ ಲಸಿಕೆ ಹಾಕಿಸಿಕೊಂಡ ಮೇಲಿನ ಸಂಘದ ಮೊದಲ ಪಿಕ್‌ನಿಕ್‌ನಲ್ಲಿ ನನ್ನ ಪಕ್ಕ ಬಂದು ಕೂತು ಕೇಳಿದರು: "ಏನ್ರೀ ಲವೀನಾ, ಹಕ್ಕಿ ಹಿಂದ ತಿರಗಾಕತ್ತೀರಂತ. ನಮಗೂ ಒಂದು ಚಲೋ ಸ್ಪಾಟ್ ತೋರಿಸ್ರಲಾ. ಈ ಸಲ ಕ್ಯಾಲೆಂಡರ್ ಕವರ್‌ಗೆ ಬಾತುಕೋಳಿ ಫೋಟೋ ಹಾಕಿದ್ರ ಜನ ನಗ್ತಾರ."

ಕೈಯುದ್ದದ ಲೆನ್ಸ್ ಕೊಂಡಿದ್ದರು. ಒಂದು ವರ್ಷದಿಂದ ಅದು ಮನೆಯಲ್ಲೇ ಕೂತಿತ್ತು.

"ಹಾಗೆಂತ ಸ್ಪಾಟ್ ಇಲ್ಲ ಮಾರಾಯ್ರೆ," ಎಂದೆ.

"ನಿಮ್ಮ ಮುಖ ನೋಡಿದ್ರ ಐತಿ ಅಂತ ಗೊತ್ತಾಗ್ತೈತಿ," ಎಂದರು.

ಏನು ಹೇಳಲಿ? ತಮ್ಮನ ಉಸಿರು ಉಳಿಸಿದವರಿಗೆ ಒಂದು ಕಲ್ಲಿನ ವಿಳಾಸ ಕೊಡುವುದಿಲ್ಲ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂದು ನಮ್ಮಲ್ಲಿ ಗಾದೆಯಿದೆ. ಗಾದೆ ಗೊತ್ತಿದ್ದೂ ಬಸುರಾಗುವವರು ನಾವೇ. ಅವರಿಗೆ ಮಾತ್ರ ತೋರಿಸುತ್ತೇನೆ, ದೂರದಿಂದ ಮಾತ್ರ, ಮತ್ತೆ ಯಾರಿಗೂ ಹೇಳಬಾರದು ಎಂದೆ. ಮಾರ್ಗರೆಟ್ ನನಗೆ ಹೇಳಿದ್ದನ್ನೇ ನಾನು ಅವರಿಗೆ ಒಪ್ಪಿಸಿದೆ. ಅವರು "ಹೇಳಂಗಿಲ್ರಿ, ಆಣಿ" ಎಂದರು. ನನ್ನ ಆಣೆ ಆಗಲೇ ಮುರಿದಿತ್ತು.

ಭಾನುವಾರ ಬೆಳಿಗ್ಗೆ ಚರ್ಚಿನ ಪೂಜೆಗೆ ಹೋಗದೆ ಅವರ ಎಸ್‌ಯುವಿ ಹತ್ತಿದೆ. ಸುಮಂಗಲಕ್ಕ ಹಿಂದಿನ ಸೀಟಿನಲ್ಲಿ ಡಬ್ಬಿಗಳ ನಡುವೆ ಕೂತಿದ್ದರು. ಚಪಾತಿ, ಶೇಂಗಾ ಚಟ್ನಿ, ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಒಗ್ಗರಣೆ ಮಂಡಕ್ಕಿ. ದಾರಿಯುದ್ದಕ್ಕೂ ಆ ವಾಸನೆ. ಆಗ ನನಗೂ ಬಾಯಲ್ಲಿ ನೀರೂರಿತ್ತು, ಸುಳ್ಳು ಯಾಕೆ ಹೇಳಲಿ.

ಬೆಟ್ಟದ ಮೇಲೆ ಮಂಜು ಆಗತಾನೇ ಏಳುತ್ತಿತ್ತು. ಸುಮಂಗಲಕ್ಕ ಮೊಣಕಾಲು ನೋವೆಂದು ಹಿಂದೆ ಉಳಿದು ನಿಧಾನ ಬಂದರು. ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು, ಇಲ್ಲಿಂದಲೇ ಎಂದೆ. ಗಿರೀಶರು ಮೂರು ಫೋಟೋ ತೆಗೆದು ಕ್ಯಾಮೆರಾದ ಹಿಂಭಾಗ ನೋಡಿದರು. "ಕಲ್ಲು ಯಾವ್ದು ಹಕ್ಕಿ ಯಾವ್ದು ತಿಳಿವಲ್ದು. ಸ್ವಲ್ಪ ಮುಂದ ಹೋಗ್ತೀನ್ರಿ." ಹದಿನೈದು ಹೆಜ್ಜೆ. "ಇನ್ನೊಂದು ಸ್ವಲ್ಪ." ಹತ್ತು. ಪ್ರತಿ ಸಲ ನಾನು "ಸಾಕು ಡಾಕ್ಟ್ರೆ" ಎಂದೆ, ಪ್ರತಿ ಸಲ ಅವರ ಹಿಂದೆ ನಾನೂ ಮುಂದೆ ಹೋದೆ. ಬೇಡ ಎನ್ನುವವರು ನಿಂತಲ್ಲೇ ನಿಲ್ಲಬೇಕಿತ್ತು. ನಾನು ಬೇಡ ಎನ್ನುತ್ತಾ ಜೊತೆಗೆ ನಡೆದೆ.

ಕೊನೆಗೆ ಹಕ್ಕಿಗೂ ನಮಗೂ ನಡುವೆ ಒಂದು ಮಂಚದಷ್ಟು ಜಾಗ. ಅಲ್ಲಿ ಅದು ಎದ್ದಿತು. ರೆಕ್ಕೆ ಎರಡೂ ಅಗಲಿಸಿ, ಬಾಯಿ ತೆರೆದು, ಒಳಗಿನ ಗುಲಾಬಿ ಬಣ್ಣ ತೋರಿಸಿ, ಹಾವಿನಂತೆ ಬುಸುಗುಟ್ಟಿತು. ಮುಷ್ಟಿಯಷ್ಟು ಹಕ್ಕಿ. ಹಾರಿ ಹೋಗಬಹುದಿತ್ತು, ಮೊಟ್ಟೆ ಬಿಟ್ಟು ಹೋಗಲಾರದೆ ಇದ್ದ ಮೈಯನ್ನೆಲ್ಲ ದೊಡ್ಡದು ಮಾಡಿ ನಮ್ಮನ್ನು ಹೆದರಿಸಲು ನೋಡಿತು. ಗಿರೀಶರ ಕ್ಯಾಮೆರಾ ಟಕಟಕ ಎನ್ನುತ್ತಲೇ ಇತ್ತು. "ವಾ, ವಾ, ನೋಡ್ರಿ ಹೆಂಗ ಪೋಸ್ ಕೊಡ್ತೈತಿ," ಎಂದರು. ಅವರ ಕತ್ತಿನ ಪಟ್ಟಿ ಹಿಡಿದು ಎಳೆಯಬೇಕು ಎನ್ನಿಸಿತು. ಎಳೆಯಲಿಲ್ಲ.

ಹಕ್ಕಿ ಸೋತು, ಒಂದು ರೆಕ್ಕೆ ಮುರಿದಂತೆ ನೆಲಕ್ಕೆ ಎಳೆಯುತ್ತಾ ಪೊದೆಯ ಕಡೆ ಹೋಯಿತು. ನಮ್ಮನ್ನು ತನ್ನ ಹಿಂದೆ ಕರೆದುಕೊಂಡು ಹೋಗುವ ಆಟ ಅದು, ಮೊಟ್ಟೆಯಿಂದ ದೂರ. ಆ ಹೊತ್ತಿಗೆ ಸುಮಂಗಲಕ್ಕ ಬಂದರು. ಬರಿ ಕಲ್ಲಿನ ಮೇಲಿನ ಎರಡು ಮೊಟ್ಟೆ ನೋಡಿ ಅವರ ಕಣ್ಣಲ್ಲಿ ನೀರು ಬಂತು.

"ಅಯ್ಯ ನಮ್ಮವ್ವಾ, ಬಾಣಂತಿ. ಹಾಸಿಲ್ಲ, ಹೊದ್ದಿಲ್ಲ, ಒಂದು ಕಡ್ಡಿ ಸೈತ ಇಲ್ಲಲ್ರೀ. ಏನ್ ತಿಂತೈತೋ ಏನೋ ಪಾಪ," ಎಂದು ಡಬ್ಬಿ ಬಿಚ್ಚಿ, ಎರಡು ಹಿಡಿ ಮಂಡಕ್ಕಿಯನ್ನು ಮೊಟ್ಟೆಯ ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ಸುರಿದರು. ಅರಿಶಿನ ಹತ್ತಿದ ಹಳದಿ ಗುಡ್ಡೆ, ಮೇಲೆ ಶೇಂಗಾ, ಕರಿಬೇವು. ಬಾಟಲಿಯ ಮುಚ್ಚಳದಲ್ಲಿ ನೀರೂ ಇಟ್ಟರು. ಅವರ ಊರಲ್ಲಿ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಗುಬ್ಬಿಗೆ ಕಾಳು, ನೀರು ಇಡುವುದುಂಟು. ಅದೇ ಕೈ, ಅದೇ ಮನಸ್ಸು.

ಆ ಹಕ್ಕಿ ಹಾರುವ ಹುಳ ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ರೇವನ್ ವಿಷಯ ಗೊತ್ತಿತ್ತು. ಕಿತ್ತಳೆ ಸಿಪ್ಪೆಯ ಮಾತು ಕಿವಿಯಲ್ಲೇ ಇತ್ತು. ಬಾಯಿ ತೆರೆದೆ. ಸುಮಂಗಲಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕಲ್ಲಿಗೆ ಕೈ ಮುಗಿಯುತ್ತಿದ್ದರು. ಇಷ್ಟು ಪ್ರೀತಿಯಿಂದ ಇಟ್ಟದ್ದನ್ನು ತೆಗೆಯಿರಿ ಎಂದು ಹೇಗೆ ಹೇಳುವುದು, ಹಿರಿಯರು, ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಬಾಯಿ ಮುಚ್ಚಿದೆ. ಕಾರಿನ ಹತ್ತಿರ ಬರುವಾಗ ಹಿಂದಿನಿಂದ ಒರಟು ಗಂಟಲಿನ ಒಂದು ಕೂಗು ಕೇಳಿತು. ನಾನು ತಿರುಗಿ ನೋಡಲಿಲ್ಲ.

ಬುಧವಾರ ರಜೆ ಹಾಕಿ ಮಾರ್ಗರೆಟ್ ಜೊತೆ ಹೋದೆ. ಅವಳೇ ಕರೆದಿದ್ದಳು. ಬಂಡೆ ಬರಿದಾಗಿತ್ತು. ಮೊಟ್ಟೆಯ ಚೂರು ಮೂರೋ ನಾಲ್ಕೋ, ಒಂದಕ್ಕೆ ಒಣಗಿದ ರಕ್ತದ ಗೆರೆ. ಪಕ್ಕದ ಕಲ್ಲಿನ ಮೇಲೆ ಹಳದಿ ಕಲೆ. ಮಂಡಕ್ಕಿ ಒಂದು ಕಾಳೂ ಇರಲಿಲ್ಲ, ಶೇಂಗಾ ಇರಲಿಲ್ಲ, ತಿನ್ನುವಂಥದ್ದೆಲ್ಲ ತಿಂದಾಗಿತ್ತು. ಕಲ್ಲಿನ ಸಂದಿಯಲ್ಲಿ ಹುರಿದ ಒಂದು ಕರಿಬೇವಿನ ಎಲೆ ಉಳಿದಿತ್ತು.

ಮಾರ್ಗರೆಟ್ ಮಂಡಿಯೂರಿ ಅದನ್ನು ಎತ್ತಿಕೊಂಡಳು. ಎರಡು ಬೆರಳಲ್ಲಿ ತಿಕ್ಕಿದಳು. ಮೂಸಿದಳು. ನನ್ನ ಮುಖ ನೋಡಿ ತಣ್ಣಗೆ ಕೇಳಿದಳು, ಇದು ನಿನ್ನದೇ ಎಂದು.

"ನನ್ನದಲ್ಲ," ಎಂದೆ.

ಅಕ್ಷರಕ್ಕೆ ಅಕ್ಷರ ನಿಜ. ಎಲೆ ಸುಮಂಗಲಕ್ಕನ ಅಡುಗೆಮನೆಯದು. ಇಂಥ ನಿಜಕ್ಕಿಂತ ಸುಳ್ಳು ಎಷ್ಟೋ ವಾಸಿ. ಅವಳು ಎಲೆಯನ್ನು ನೋಟ್‌ಬುಕ್ಕಿನ ಆ ಪುಟದಲ್ಲಿಟ್ಟು ಮುಚ್ಚಿದಳು. ಮೂರು ಗಂಟೆ ದಾರಿ ರೇಡಿಯೋ ಹಾಕಿದಳು. ಆ ಶನಿವಾರ ಫೋನ್ ಬರಲಿಲ್ಲ, ಅದರ ಮುಂದಿನ ಶನಿವಾರವೂ ಬರಲಿಲ್ಲ. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ. ಅವಳು ಆ ಉಪಕಾರವನ್ನೂ ಮಾಡಲಿಲ್ಲ.

ಚರ್ಚಿನಲ್ಲಿ ಪಾಪನಿವೇದನೆಗೆ ಕೂತು ಇದನ್ನೆಲ್ಲ ಹೇಳಿದೆ. ಫಾದರ್, ಹಕ್ಕಿಯ ಮೊಟ್ಟೆಯನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡ, ನಿನಗೆ ವಿಶ್ರಾಂತಿ ಬೇಕು ಎಂದರು. ಪ್ರಾಯಶ್ಚಿತ್ತವನ್ನೂ ಕೊಡಲಿಲ್ಲ. ಅವರ ಮೇಲೂ ಸಿಟ್ಟು ಬಂತು.

ಆ ವರ್ಷದ ಕೊನೆಗೆ ನಮ್ಮ ಮನೆ ಹಿಂದಿನ ಹುಲ್ಲುಬಯಲನ್ನು ಡೇಟಾ ಸೆಂಟರಿಗೆಂದು ಬುಲ್ಡೋಜರ್ ತಂದು ಕೆರೆದರು. ಸಂಘದ ಗ್ರೂಪಿನಲ್ಲಿ ಎಲ್ಲರೂ ಬರೆದದ್ದೇ ಬರೆದದ್ದು. ಹಕ್ಕಿಗಳ ಗತಿಯೇನು, ಇವರಿಗೆ ಮನುಷ್ಯತ್ವ ಇದೆಯೇ ಎಂದು. ಮೊದಲು ಬರೆದವರು ಗಿರೀಶರು. ನಾನೂ ಬರೆದೆ, ಎಲ್ಲರಿಗಿಂತ ಉದ್ದ. ಮರುವಾರ ಹೊಸ ಕ್ಯಾಲೆಂಡರ್ ಮನೆಗೆ ಬಂತು, ಮುಖಪುಟದಲ್ಲಿ 'ಸ್ವಾಗತ'. ಅದನ್ನು ಹರಿದು ಕಸಕ್ಕೆ ಹಾಕಿದೆ. ಆದರೆ ಗಿರೀಶರಿಗೆ ಒಂದು ಮಾತು ಹೇಳಲಿಲ್ಲ. ತಮ್ಮ ಪ್ರತಿ ಭಾನುವಾರ ವಿಡಿಯೋದಲ್ಲಿ ನಗುತ್ತಿದ್ದ. ಹೇಗೆ ಹೇಳಲಿ? ಮನಸ್ಸಿನಲ್ಲಿ ಮಾತ್ರ ನಾಲ್ಕು ವರ್ಷ ದಿನವೂ ಅವರನ್ನು ಬೈದೆ. ಅಡುಗೆ ಮಾಡುವಾಗ ಬೈದೆ, ಬೆಲ್ಟ್‌ವೇ ಟ್ರಾಫಿಕ್ಕಿನಲ್ಲಿ ಕೂತು ಬೈದೆ.

ಇಷ್ಟೂ ಹೊತ್ತುಕೊಂಡು ಹೋದ ತಿಂಗಳು ಆ ಹೊಸ ಮನೆಯಲ್ಲಿ ನಿಂತಿದ್ದೆ. ಇಪ್ಪತ್ತು ಜನ ಅತಿಥಿಗಳು. ಯಾರೋ ಫೋಟೋ ಹೊಗಳಿದರು. ಗಿರೀಶರು ನನ್ನ ಕಡೆ ಕೈ ತೋರಿಸಿ, "ಇದರ ಕ್ರೆಡಿಟ್ ಎಲ್ಲಾ ಇವ್ರಿಗೇರಿ. ಇವ್ರು ಇಲ್ಲಂದ್ರ ಈ ಫೋಟೋನ ಇಲ್ಲ," ಎಂದರು. ಜನ ಚಪ್ಪಾಳೆ ತಟ್ಟಿದರು.

ಸಿಟ್ಟಿನಲ್ಲೇ ಫೋಟೋದ ಹತ್ತಿರ ಹೋದೆ. ಕ್ಯಾಲೆಂಡರಿಗೆ ಅಳತೆ ಸಾಲದೆ ಕತ್ತರಿಸಿದ್ದ ಎಡ ಅಂಚು ಇಲ್ಲಿ ಪೂರ್ತಿ ಇತ್ತು. ಬ್ಲೂಬೆರಿಯ ಒಂದು ಕೊಂಬೆ ಹಕ್ಕಿಯ ಮೇಲಿಂದ ಪಕ್ಕಕ್ಕೆ ಬಾಗಿತ್ತು. ಗಾಳಿಗೆ ಅಷ್ಟು ಬಾಗುವುದಿಲ್ಲ. ಕೊಂಬೆಯ ತುದಿಯಲ್ಲಿ ಮಸುಕಾದ ನೀಲಿ ಜಾಕೆಟ್‌ನ ತೋಳು, ಐದು ಬೆರಳು.

ಆಗ ನೆನಪಾಯಿತು. "ಆ ಕೊಂಬಿ ಅಡ್ಡ ಬರ್ತೈತ್ರಿ, ಸ್ವಲ್ಪ ಹಿಡ್ಕೋರಿ," ಎಂದಿದ್ದರು. ನಾನು ಹಿಡಿದಿದ್ದೆ. ನಾಲ್ಕು ವರ್ಷ ಎಲ್ಲರ ತಪ್ಪನ್ನೂ ಎಣಿಸಿದ ನನ್ನ ತಲೆ ಇದೊಂದನ್ನು ಎಲ್ಲಿ ಬಚ್ಚಿಟ್ಟಿತ್ತೋ. ಬಿಸಿಲಿಗೆ ಅಡ್ಡವಾಗಿ, ಮೇಲೆ ಹಾರುವ ರೇವನ್‌ಗಳ ಕಣ್ಣಿಗೆ ಅಡ್ಡವಾಗಿ ಇದ್ದ ಒಂದೇ ಒಂದು ಕೊಂಬೆ ಅದು.

"ಇದು ಸ್ವಾಗತ ಅಲ್ಲ," ಎಂದೆ. ದನಿ ಜೋರಾಗಿಯೇ ಬಂತು. "ಹೆದರಿ ಬಾಯಿ ತೆಗೆದದ್ದು. ನಮ್ಮನ್ನು ಹೋಗಿ ಅಂತ ಹೇಳಿದ್ದು ಡಾಕ್ಟ್ರೆ. ನಾವು ಹೋದ ಮೇಲೆ ಮೊಟ್ಟೆ ಉಳಿಯಲಿಲ್ಲ. ರೇವನ್ ತಿಂದು ಹಾಕಿದ್ವು."

ಗಿರೀಶರ ಮುಖ ಸಣ್ಣದಾಯಿತು. ತಿರುಗಿ ಫೋಟೋ ನೋಡಿದರು. ಸುಮಂಗಲಕ್ಕ ನನಗೆಂದು ಮಂಡಕ್ಕಿ ಪ್ಲೇಟ್ ಹಿಡಿದು ಅಲ್ಲೇ ನಿಂತಿದ್ದರು. ಪ್ಲೇಟು ನೋಡಿದರು, ನನ್ನನ್ನು ನೋಡಿದರು.

"ಇದಕ್ಕ ಬಂದ್ವೇನ್ರೀ ಅವು?" ಎಂದು ಕೇಳಿದರು.

ಈ ಸಲವಾದರೂ ನಾಲಿಗೆ ಎದ್ದಿತು. "ಹೌದು ಸುಮಂಗಲಕ್ಕ. ನೀವು ಇಡುವಾಗಲೇ ನನಗೆ ಗೊತ್ತಿತ್ತು. ನಿಮಗೆ ಬೇಜಾರಾಗ್ತದೆ ಅಂತ ಹೇಳಲಿಲ್ಲ."

ಅವರು ಪ್ಲೇಟನ್ನು ಸೋಫಾದ ತೋಳಿನ ಮೇಲೆ ಇಟ್ಟರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಒಂದು ಮಾತು ಹೇಳಿದ್ರ ಆಗ್ತಿದ್ದಿಲ್ಲೇನ್ರೀ? ಬಳದು ಡಬ್ಬಿಗೆ ಹಾಕ್ಕೋತಿದ್ದೆ. ನಾನೇನು ಕೇಳದಾಕಿ ಇದ್ನೇನು?" ಎಂದರು. "ನನ್ನ ಕೈಲೇ ಮಾಡಿಸಿ, ನಾಕು ವರ್ಷ ಸುಮ್ನ ಕುಂತ್ರಲ್ರೀ."

ಶೂ ಕಟ್ಟಿಕೊಳ್ಳದೆ ಹೊರಗೆ ಬಂದು ಕಾರಿನಲ್ಲಿ ಕೂತೆ. ಮಾರ್ಗರೆಟ್‌ಳ ನಂಬರ್ ಅಳಿಸಿರಲಿಲ್ಲ. ಐದು ಸಲ ರಿಂಗಾಯಿತು. ಎತ್ತಿ, ಅದೇ ತಣ್ಣನೆ ದನಿಯಲ್ಲಿ ಹಲೋ ಎಂದಳು. ಹಿಂದೆ ರೇಡಿಯೋ ಕೇಳುತ್ತಿತ್ತು.

ನಾನು ಲವೀನಾ ಎಂದೆ. ಆ ಎಲೆ ನನ್ನದೇ ಎಂದೆ.

ರೇಡಿಯೋ ನಿಂತಿತು. ಯಾವ ಎಲೆ ಎಂದು ಅವಳು ಕೇಳಲಿಲ್ಲ.